ಜೆಟ್ ಮಾದರಿ ಕಟ್ಟುತ್ತೀರಾ? ಮೊದಲು ಮೂಗಿಗೆ ಭಾರ ಹಾಕಿ

ಗೆಳೆಯನೊಬ್ಬ ಮೂರು ತಿಂಗಳು ಕೂತು ಎರಡನೇ ಮಹಾಯುದ್ಧದ ಜರ್ಮನ್ ಜೆಟ್ ಮೆಸ್ಸರ್‌ಸ್ಮಿಟ್ 262 ವಿಮಾನದ ಪ್ಲಾಸ್ಟಿಕ್ ಮಾದರಿ ಕಟ್ಟಿದ. ಬಣ್ಣ ಚೆನ್ನಾಗಿ ಬಂದಿತ್ತು. ಗುರುತುಗಳ ಅಂಟುಚಿತ್ರ, ಅಂದರೆ ಡಿಕಾಲ್, ಒಂದೂ ಸೊಟ್ಟ ಇರಲಿಲ್ಲ. ನೋಡಲು ಬಾ ಅಂತ ಕರೆದ. ಕಪಾಟಿನಲ್ಲಿಟ್ಟು ಕೈ ತೆಗೆದದ್ದೇ ತಡ, ವಿಮಾನ ಮೆಲ್ಲಗೆ ಮೂಗೆತ್ತಿ ಬಾಲ ಊರಿ ಕೂತಿತು. ಬೆರಳಿಂದ ಮೂಗು ಒತ್ತಿದ, ಬಿಟ್ಟ, ಮತ್ತೆ ಎದ್ದಿತು. ಕೊನೆಗೆ ಮುಂಚಕ್ರವನ್ನು ಹಲಗೆಗೇ ಅಂಟಿಸಿಬಿಟ್ಟ. ಈಗ ಧೂಳು ಒರೆಸಬೇಕೆಂದರೂ ಹಲಗೆ ಸಮೇತ ಎತ್ತಬೇಕು.

ಪ್ರೊಪೆಲ್ಲರ್ ವಿಮಾನ ಕಟ್ಟಿ ಕೈ ಪಳಗಿದವರೇ ಇಲ್ಲಿ ಜಾಸ್ತಿ ಎಡವುತ್ತಾರೆ. ಸ್ಪಿಟ್‌ಫೈರ್‌ನಂಥವು ಹೇಗೂ ಬಾಲದ ಚಕ್ರದ ಮೇಲೇ ಕೂರುವಂಥವು. ಭಾರದ ಯೋಚನೆಯೇ ಬರುವುದಿಲ್ಲ. ಜೆಟ್ ಹಾಗಲ್ಲ, ಹೆಚ್ಚಿನವು ಮೂಗಿನಡಿಯ ಮುಂಚಕ್ರದ ಮೇಲೆ ನಿಲ್ಲುವಂಥವು.

ಹಂತ 1: ಎಲ್ಲಿಂದ ಎಲ್ಲಿಗೆ ಅಂತ ಗೆರೆ ಎಳೆಯಿರಿ

ಸಿಕ್ಕಿದ್ದೆಲ್ಲ ಕೊಂಡರೆ ಅದು ಸಂಗ್ರಹವಲ್ಲ, ಡಬ್ಬಿಗಳ ರಾಶಿ. ನನ್ನ ಗೆರೆ ಹೀಗಿದೆ: 1939ರ ಆಗಸ್ಟ್ 27ರಂದು ಹಾರಿದ ಮೊದಲ ಜೆಟ್ ವಿಮಾನ ಹೈಂಕೆಲ್ 178ರಿಂದ, 1947ರ ಅಕ್ಟೋಬರ್ 14ರಂದು ಶಬ್ದದ ವೇಗ ದಾಟಿದ ರಾಕೆಟ್ ವಿಮಾನ ಬೆಲ್ ಎಕ್ಸ್-1ರವರೆಗೆ. ಎಂಟೇ ವರ್ಷ. ಅಷ್ಟರಲ್ಲೇ 1941ರ ಗ್ಲಾಸ್ಟರ್ ಇ.28/39, 1942ರ ಬೆಲ್ ಪಿ-59, 1943ರ ಮೀಟಿಯರ್ ಮತ್ತು ವ್ಯಾಂಪೈರ್, 1944ರ ಹೈಂಕೆಲ್ 162, 1946ರ ಯಾಕ್-15 ಎಲ್ಲ ಬಂದುಹೋಗುತ್ತವೆ.

ಅಳತೆ ಒಂದೇ ಇರಲಿ. ನನ್ನ ಮಾತು ಕೇಳುವುದಾದರೆ 1/72, ಅಂದರೆ ಅಸಲಿಯ ಎಪ್ಪತ್ತೆರಡನೇ ಒಂದು ಭಾಗ. ಆ ಅಳತೆಯಲ್ಲಿ ಮೆಸ್ಸರ್‌ಸ್ಮಿಟ್ 262ರ ರೆಕ್ಕೆಯಗಲ ಹದಿನೇಳೂವರೆ ಸೆಂಟಿಮೀಟರ್ ಆಸುಪಾಸು, ಎಕ್ಸ್-1ರದ್ದು ಸುಮಾರು 12, ಹೈಂಕೆಲ್ 162ರದ್ದು ಬರೀ 10. ಒಂದೇ ಹಲಗೆಯಲ್ಲಿ ಎಂಟತ್ತು ವಿಮಾನ ಹಿಡಿಯುತ್ತವೆ. 1/48 ನೋಡಲು ಚಂದ, ಒಪ್ಪುತ್ತೇನೆ. ಆದರೆ ಎರಡು ಅಳತೆ ಬೆರೆಸಿದರೆ ಪುಟ್ಟ ರಾಕೆಟ್ ವಿಮಾನವೊಂದು ಅವಳಿ ಎಂಜಿನ್ ಜೆಟ್‌ಗಿಂತ ದೊಡ್ಡದಾಗಿ ಕಾಣುತ್ತದೆ. ಆಮೇಲೆ ಪಕ್ಕಪಕ್ಕ ಇಟ್ಟು ಏನು ಪ್ರಯೋಜನ?

ಹಂತ 2: ಸುಲಭದ್ದನ್ನು ಮೊದಲು ಕೊಳ್ಳಿ

ಎಲ್ಲರೂ ಮೆಸ್ಸರ್‌ಸ್ಮಿಟ್ 262ಕ್ಕೇ ಮೊದಲು ಕೈ ಹಾಕುತ್ತಾರೆ. ಬೇಡ. ಮೊದಲನೆಯದು ಮೆಸ್ಸರ್‌ಸ್ಮಿಟ್ 163 ಕೊಮೆಟ್ ಇರಲಿ. ರಾಕೆಟ್ ವಿಮಾನವಾದ್ದರಿಂದ ಗಾಳಿ ಒಳಗೆಳೆಯುವ ಬಾಯಿ ಇಲ್ಲ, ಹಿಂದೆ ಅಡ್ಡ ರೆಕ್ಕೆ ಇಲ್ಲ, ಮುಂಚಕ್ರವೂ ಇಲ್ಲ. ನೆಲ ಬಿಟ್ಟ ಮೇಲೆ ಬೀಳಿಸಿಬಿಡುತ್ತಿದ್ದ ಎರಡು ಚಕ್ರದ ಗಾಡಿ, ಇಳಿಯಲು ಹೊಟ್ಟೆಯಡಿ ಒಂದು ಜಾರುಪಟ್ಟಿ, ಅಷ್ಟೆ. ಆ ಗಾಡಿಯನ್ನು ಅಂಟಿಸಬೇಡಿ, ಸುಮ್ನೆ ಕೆಳಗಿಡಿ.

ಎರಡನೆಯದು ಯಾಕ್-15. ಯಾಕ್-3ರ ಮೂಗಿಗೆ ಜೆಟ್ ಎಂಜಿನ್ ಕೂರಿಸಿದ ವಿಮಾನ ಅದು. ಬಾಲದ ಚಕ್ರ ಹಾಗೇ ಉಳಿದುಕೊಂಡಿದೆ. ಎಂಜಿನ್ನಿನ ಬಿಸಿಯುಸಿರು ಹೊಟ್ಟೆಯಡಿಯಿಂದ ಹಿಂದಕ್ಕೆ ಬಡಿಯುತ್ತಿದ್ದರಿಂದ ಆ ಚಕ್ರಕ್ಕೆ ರಬ್ಬರ್ ಇರಲಿಲ್ಲ, ಪೂರ್ತಿ ಉಕ್ಕು. ಟಯರ್ ಅಂತ ಕಪ್ಪು ಬಳಿದರೆ ಗೊತ್ತಿದ್ದವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಹಂತ 3: ಪ್ಲಾಸ್ಟಿಕ್ ಭಾಗಗಳನ್ನು ಕತ್ತರಿಸಿ, ತೊಳೆಯಿರಿ, ಕಾಕ್‌ಪಿಟ್ ಮುಗಿಸಿ

ಸೋಪು ನೀರು, ಹರಿತ ಬ್ಲೇಡು, ಸ್ವಲ್ಪ ತಾಳ್ಮೆ. ಕಾಕ್‌ಪಿಟ್‌ಗೆ ಹತ್ತು ದಿನ ಸುರಿಯಬೇಡಿ. 1/72ರಲ್ಲಿ ಗಾಜು ಮುಚ್ಚಿದ ಮೇಲೆ ಕಾಣುವುದು ಸೀಟಿನ ಬೆನ್ನು ಮಾತ್ರ.

ಹಂತ 4: ಮೂಗಿನ ಭಾರ

ಇಲ್ಲಿ ನಿಧಾನ ಮಾಡಿ. ಒಡಲಿನ ಎರಡು ಹೋಳು ಅಂಟಿಸಿಬಿಟ್ಟರೆ ಆಮೇಲೆ ದಾರಿ ಇಲ್ಲ.

ಮೊದಲು ಕಾರಣ ತಿಳಿದುಕೊಳ್ಳಿ. ಮುಂಚಕ್ರದ ವಿಮಾನದಲ್ಲಿ ಮುಖ್ಯ ಚಕ್ರಗಳು ತೂಕದ ನಡುಬಿಂದುವಿಗಿಂತ ಸ್ವಲ್ಪ ಹಿಂದೆ ಇರುತ್ತವೆ. ನಿಜವಾದ 262ರ ಮೂಗಿನಲ್ಲಿ 30 ಮಿಲಿಮೀಟರಿನ ನಾಲ್ಕು ಫಿರಂಗಿಗಳಿದ್ದವು, ಜತೆಗೆ ಅವುಗಳ ಮದ್ದುಗುಂಡು. ಕಿಟ್‌ನಲ್ಲಿ ಆ ಜಾಗ ಖಾಲಿ. ಬಾಲದ ಪ್ಲಾಸ್ಟಿಕ್ಕು ಮಾತ್ರ ಹಾಗೇ ಇದೆ. ಹಿಂದಕ್ಕೆ ವಾಲದೆ ಇನ್ನೇನು ಮಾಡೀತು?

ಒಂದು ತಮಾಷೆಯೆಂದರೆ, 262ರ ಮೊದಲ ನಮೂನೆಗಳು ನಿಜವಾಗಿಯೂ ಬಾಲ ಊರಿಕೊಂಡೇ ಇದ್ದವು. 1942ರ ಜುಲೈ 18ರಂದು ಬರೀ ಜೆಟ್ ಬಲದಲ್ಲಿ ಮೊದಲ ಬಾರಿ ಹಾರಿಸಿದಾಗ ಪೈಲಟ್ ಫ್ರಿಟ್ಜ್ ವೆಂಡೆಲ್‌ಗೆ ಬಾಲವೇ ಮೇಲೇಳಲಿಲ್ಲ. ಪ್ರೊಪೆಲ್ಲರ್ ಇಲ್ಲದ್ದರಿಂದ ಹಿಂಬದಿಯ ಎಲಿವೇಟರ್‌ಗೆ, ಅಂದರೆ ಮೂಗು-ಬಾಲ ಏರಿಳಿಸುವ ಪಟ್ಟಿಗೆ, ಸಾಕಷ್ಟು ಗಾಳಿ ಸಿಗುತ್ತಿರಲಿಲ್ಲ. ಓಡುತ್ತಿರುವಾಗಲೇ ಬ್ರೇಕ್ ಒಮ್ಮೆ ತಟ್ಟಿ ಬಾಲ ಎತ್ತಿಸಬೇಕಾಯಿತು. ಮುಂಚಕ್ರ ಬಂದದ್ದು ಆಮೇಲೆ. ಬಾಲ ಊರಿದ 262 ಬೇಕೇ ಬೇಕು ಅಂದರೆ ಆ ನಮೂನೆಯನ್ನೇ ಕಟ್ಟಿ, ಯಾರೂ ತಪ್ಪು ಹುಡುಕುವುದಿಲ್ಲ.

ಈಗ ತೂಕ ಎಷ್ಟು? ಕಿಟ್‌ನ ಸೂಚನಾ ಹಾಳೆಯಲ್ಲಿ ಇಷ್ಟು ಗ್ರಾಂ ಅಂತ ಇದ್ದರೆ ಅದನ್ನು ಕನಿಷ್ಠ ಅಂತ ತಿಳಿಯಿರಿ. ಕೆಲವು ಹಾಳೆಗಳಲ್ಲಿ ಆ ಮಾತೇ ಇರುವುದಿಲ್ಲ. ನೀವೇ ಅಳೆಯುವುದು ಒಳ್ಳೆಯದು.

ಒಡಲು, ರೆಕ್ಕೆ, ಬಾಲ, ಎಂಜಿನ್, ಗಾಜು, ಎಲ್ಲವನ್ನೂ ಅಂಟು ಹಾಕದೆ ಮಾಸ್ಕಿಂಗ್ ಟೇಪಿನಲ್ಲಿ ಜೋಡಿಸಿ. ರೆಕ್ಕೆಯಡಿ ಮುಖ್ಯ ಚಕ್ರ ನೆಲ ಮುಟ್ಟುವ ಜಾಗದ ನೇರಕ್ಕೆ ಪೆನ್ಸಿಲ್ ಗುರುತು ಹಾಕಿ. ಚಕ್ರ ನೆಲ ಮುಟ್ಟುವ ಜಾಗ ಅಂದೆ, ಕಾಲು ರೆಕ್ಕೆಗೆ ಸೇರುವ ಜಾಗ ಅಲ್ಲ. ಕಾಲು ಓರೆಯಾಗಿದ್ದರೆ ಎರಡಕ್ಕೂ ಅರ್ಧ ಸೆಂಟಿಮೀಟರ್ ವ್ಯತ್ಯಾಸ ಬರಬಹುದು, ಲೆಕ್ಕ ಅಲ್ಲೇ ಕೆಡುತ್ತದೆ. ಆ ಗುರುತುಗಳು ಎರಡು ಪೆನ್ಸಿಲ್ ತುದಿಯ ಮೇಲೆ ಬರುವಂತೆ ವಿಮಾನ ಕೂರಿಸಿ. ಮೂಗಿನ ತುದಿಗೆ ಪುಟ್ಟ ಕಾಗದದ ಬಟ್ಟಲು ನೇತುಹಾಕಿ, ಉಕ್ಕಿನ ಸಣ್ಣ ಗುಂಡು ಒಂದೊಂದೇ ಹಾಕುತ್ತಾ ಹೋಗಿ. ಮೂಗು ಕೆಳಗೆ ಬಾಗಿದ ಕೂಡಲೇ ನಿಲ್ಲಿಸಿ ತೂಗಿ.

ಅಷ್ಟೇ ತೂಕ ಸಾಕು ಅಂದುಕೊಳ್ಳುವುದು ಎರಡನೇ ತಪ್ಪು. ಬಟ್ಟಲು ಇದ್ದದ್ದು ಮೂಗಿನ ತುದಿಯಲ್ಲಿ. ಭಾರ ಹಾಕುವುದು ಅದಕ್ಕಿಂತ ಹಿಂದೆ. ಇದು ಏತದ ಲೆಕ್ಕ. ತುದಿ ಚಕ್ರದ ಗುರುತಿನಿಂದ 8 ಸೆಂಟಿಮೀಟರ್ ಮುಂದಿದ್ದು, ಭಾರ ಕೂರುವ ಜಾಗ 4 ಸೆಂಟಿಮೀಟರ್ ಮುಂದಿದ್ದರೆ, ಬಟ್ಟಲಿನಲ್ಲಿ ಬಂದ ತೂಕದ ಎರಡರಷ್ಟು ಬೇಕು. ಪುಟ್ಟಿ, ಬಣ್ಣ ಅಂತ ಬಾಲಕ್ಕೆ ಇನ್ನಷ್ಟು ತೂಕ ಸೇರುವುದರಿಂದ ಅದರ ಮೇಲೆ ನಾಲ್ಕನೇ ಒಂದು ಭಾಗ ಜಾಸ್ತಿ ಹಾಕಿ. ಅದಕ್ಕಿಂತ ಜಾಸ್ತಿ ಬೇಡ. ಸಿಕ್ಕಿದ್ದೆಲ್ಲ ತುರುಕಿದರೆ ಪ್ಲಾಸ್ಟಿಕ್ ಕಾಲುಗಳು ಕೆಲವು ತಿಂಗಳಲ್ಲಿ ಅಗಲಗಾಲು ಹಾಕಿ ನಿಲ್ಲುತ್ತವೆ.

ಯಾವುದನ್ನು ತುಂಬಬೇಕು? ಉಕ್ಕಿಗಿಂತ ಸೀಸ ಭಾರ, ಸೀಸಕ್ಕಿಂತ ಟಂಗ್‌ಸ್ಟನ್ ಭಾರ. ಒಂದು ಘನ ಸೆಂಟಿಮೀಟರ್ ಜಾಗದಲ್ಲಿ ಉಕ್ಕು 8 ಗ್ರಾಂ ಹತ್ತಿರ, ಸೀಸ 11, ಟಂಗ್‌ಸ್ಟನ್ 19. ಜಾಗ ಇದ್ದರೆ ನನ್ನ ಆಯ್ಕೆ ಉಕ್ಕಿನ ಗುಂಡು. ವ್ಯಾಂಪೈರ್‌ನದು ಗಿಡ್ಡ ಮೂಗು, ಹಿಂದೆ ಎರಡೆರಡು ಬಾಲದ ತೊಲೆ. ಅಲ್ಲಿ ಟಂಗ್‌ಸ್ಟನ್ ಪುಟ್ಟಿಗೆ ಕಾಸು ಬಿಚ್ಚುವುದೇ ಸರಿ. 262ಕ್ಕೆ ಮೂಗು ಸಾಲದಿದ್ದರೆ ಎಂಜಿನ್ ಗೂಡುಗಳ ಮುಂಭಾಗವಿದೆ, ಅದೂ ಚಕ್ರಕ್ಕಿಂತ ಮುಂದೆಯೇ. ಚಕ್ರದ ಗುರುತಿನ ಹಿಂದೆ ಮಾತ್ರ ಒಂದು ಗುಂಡೂ ಹೋಗಬಾರದು.

ಹಿಡಿಸುವುದಕ್ಕೆ ಎರಡು ಟ್ಯೂಬಿನ ಎಪಾಕ್ಸಿ ಬಳಸಿ, ಬೇರೇನೂ ಬೇಡ. ಸೀಸದ ಗುಂಡಿಗೆ ಮರಕ್ಕೆ ಹಾಕುವ ಬಿಳಿ ಗೋಂದು ಸುರಿಯುವವರಿದ್ದಾರೆ, ಮೊದಲು ನಾನೂ ಸುರಿದಿದ್ದೆ. ಎರಡು ವರ್ಷ ಕಳೆದ ಮೇಲೆ ನನ್ನ ಮೀಟಿಯರ್‌ನ ಮೂಗು ಜೋಡಣೆಯ ಗೆರೆಯಲ್ಲೇ ಬಾಯಿ ಬಿಟ್ಟಿತು. ಒಳಗೆ ನೋಡಿದರೆ ಗುಂಡಿನ ಮೇಲೆಲ್ಲ ಬಿಳಿ ಪುಡಿ. ಸೀಸ ಆ ಗೋಂದಿನ ಜತೆ ಸೇರಿ ಕಿಲುಬು ಹಿಡಿದು ಊದಿಕೊಂಡಿತ್ತು. ಸೂಪರ್ ಗ್ಲೂ ಹಾಕಿ ಕೂಡಲೇ ಮುಚ್ಚಿದರೆ ಅದರ ಹಬೆ ಕ್ಯಾನೊಪಿಯ ಗಾಜನ್ನು ಮಂಕು ಮಾಡುತ್ತದೆ. ಎಣ್ಣೆ ಜೇಡಿ ಒಣಗುವುದೇ ಇಲ್ಲ, ಒಂದು ದಿನ ಕಳಚಿಕೊಂಡು ಒಳಗೆ ಗುಡುಗುಡು ಅನ್ನತೊಡಗುತ್ತದೆ. ಸೀಸ ಮುಟ್ಟಿದ ಮೇಲೆ ಕೈ ತೊಳೆಯದೆ ಏನೂ ತಿನ್ನಬೇಡಿ.

ಆಗಲೇ ಮುಚ್ಚಿಬಿಟ್ಟಿದ್ದೀರಾ? ಮುಂಚಕ್ರದ ಗೂಡಿನ ಚಾವಣಿಯಲ್ಲಿ ಸಣ್ಣ ತೂತು ಕೊರೆದು ಚೂರು ಗುಂಡುಗಳನ್ನು ತೂರಿಸಬಹುದು. ಎಲ್ಲ ಕಿಟ್‌ನಲ್ಲೂ ಆಗದು. ಬಾಲದಡಿ ಪಾರದರ್ಶಕ ಕಡ್ಡಿ ನಿಲ್ಲಿಸುವುದು ಇನ್ನೊಂದು ದಾರಿ. ನನಗದು ಊರುಗೋಲು ಕೊಟ್ಟಂತೆ ಕಾಣುತ್ತದೆ.

ಹಂತ 5: ಒಡಲು ಮುಚ್ಚುವುದು

ಗಾಳಿಬಾಯಿಯ ಒಳಗನ್ನು ಮುಚ್ಚುವ ಮೊದಲೇ ಬಣ್ಣ ಮಾಡಿ. ನೀರಿನಂಥ ತೆಳು ಸಿಮೆಂಟನ್ನು ಬ್ರಷ್ಷಿನಲ್ಲಿ ಗೆರೆಗುಂಟ ಹರಿಸಿ. ಟ್ಯೂಬಿನಲ್ಲಿ ಬರುವ ಮಂದ ಅಂಟು ದಾರದಂತೆ ಎಳೆಯುತ್ತದೆ, ಅದನ್ನು ಕಸದ ಬುಟ್ಟಿಗೆ ಹಾಕಿ. ಅಂಟಿನ ವಿಷಯ ಬಂತಲ್ಲ, ಹೈಂಕೆಲ್ 162ರ ಅಸಲಿ ರೆಕ್ಕೆ ಮರದ್ದು. ಮೊದಲ ಹಾರಾಟ 1944ರ ಡಿಸೆಂಬರ್ 6ಕ್ಕೆ. ನಾಲ್ಕೇ ದಿನಕ್ಕೆ, 10ರಂದು, ಅಂಟು ಬಿಟ್ಟು ರೆಕ್ಕೆ ಹರಿದು ಪೈಲಟ್ ಸತ್ತ.

ಹಂತ 6: ಬಣ್ಣ

ಜೆಟ್ ಅಂದರೆ ಬೆಳ್ಳಿ ಅಂದುಕೊಳ್ಳಬೇಡಿ, ಫೋಟೊ ನೋಡಿ. ಎಕ್ಸ್-1 ಕಿತ್ತಳೆ. ಲಾಕ್‌ಹೀಡ್ ಎಕ್ಸ್‌ಪಿ-80ರ ಮೊದಲ ನಮೂನೆ ಕಡು ಹಸಿರು. ಅದರ ನಂತರ ಬಂದ ಆರಂಭದ ಪಿ-80ಗಳು ಹೊಳೆಯುವ ತಿಳಿಬೂದು.

ನಿಜಕ್ಕೂ ಬರಿ ಲೋಹ ಬೇಕಾದಲ್ಲಿ ಪುಟ್ಟಿ ಹಚ್ಚಿ ಉಜ್ಜಿದ ಮೇಲೆ ಹೊಳಪು ಕಪ್ಪು ಬಳಿದು ಎರಡು ದಿನ ಬಿಡಿ. ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿ. ಸ್ಯಾಂಡ್ ಪೇಪರಿನ ಒಂದು ಗೀರು ಕಂಡರೂ ಮತ್ತೆ ಉಜ್ಜಿ. ಲೋಹದ ಬಣ್ಣ ಗೀರನ್ನು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ. ಆಮೇಲೆ ಏರ್‌ಬ್ರಷ್‌ನಲ್ಲಿ ತೆಳುವಾಗಿ. ಗೇಟಿಗೆ ಬಳಿಯುವ ಬೆಳ್ಳಿ ಸ್ಪ್ರೇ ಡಬ್ಬಿ ಮನೆಯಲ್ಲಿದೆ ಅಂತ ಅದನ್ನೇ ಹೊಡೆದವರ ವಿಮಾನ ನೋಡಿದ್ದೇನೆ, ನೀರಿನ ಪೈಪಿನಂತಿತ್ತು.

ಹಂತ 7: ಡಿಕಾಲ್, ಚಕ್ರ, ಕಪಾಟು

ಹೊಳಪಿನ ವಾರ್ನಿಷ್ ಹಚ್ಚಿ, ಡಿಕಾಲ್ ಅಂಟಿಸಿ, ಕೊನೆಗೆ ಕಾಲು ಕೂರಿಸಿ. ಕಪಾಟಿನಲ್ಲಿ ದೇಶದ ಪ್ರಕಾರ ಬೇಡ, ಹಾರಿದ ತಾರೀಖಿನ ಪ್ರಕಾರ ಜೋಡಿಸಿ.

ಪಿ-59 ಪಕ್ಕದಲ್ಲಿ ಒಂದು ಪುಟ್ಟ ಪ್ರೊಪೆಲ್ಲರ್ ಮಾಡಿಡಿ. ಗುಟ್ಟು ರಟ್ಟಾಗದಿರಲಿ ಅಂತ ಅಸಲಿ ವಿಮಾನ ನೆಲದ ಮೇಲಿದ್ದಾಗ ಅದರ ಮೂಗಿಗೆ ಸುಳ್ಳು ಪ್ರೊಪೆಲ್ಲರ್ ಸಿಕ್ಕಿಸುತ್ತಿದ್ದರು. ಜೆಟ್‌ಗೆ ಇದ್ಯಾಕೆ ಅಂತ ಬಂದವರು ಕೇಳಿಯೇ ಕೇಳುತ್ತಾರೆ. ಎಕ್ಸ್-1ನ್ನು ಹೊತ್ತೊಯ್ದ ಬಿ-29 ಕೂಡ ಬೇಕು ಅಂತ ಆಸೆಯಾದರೆ ಮೊದಲು ಟೇಪು ಹಿಡಿದು ಕಪಾಟು ಅಳೆಯಿರಿ. 1/72ರಲ್ಲೇ ಅದರ ರೆಕ್ಕೆ 60 ಸೆಂಟಿಮೀಟರ್. ಅದಕ್ಕೂ ಮುಂಚಕ್ರ ಇದೆ, ಮೂಗಿಗೆ ಭಾರವೂ ಬೇಕು.