ಕುದಿಸದೆ ಬಂದ ಕೆಂಪು: ಮುನ್ಸಿಯಾರಿಯಲ್ಲಿ ಉಣ್ಣೆಗೆ ಬಣ್ಣ ಕಟ್ಟಿದ ನನ್ನ ಅನುಭವ

ಮಂಜಿಷ್ಠದ ಬೇರಿನಿಂದ ಇಟ್ಟಿಗೆ ಬಣ್ಣವಷ್ಟೇ ಬರುವುದು, ಕೆಂಪು ಬೇಕಾದರೆ ಪುಡಿ ಬಣ್ಣ ಕೊಂಡುಕೊ ಎಂದು ಉತ್ತರಾಖಂಡದ ಈ ಬೆಟ್ಟದೂರಲ್ಲಿ ನನಗೆ ಹೇಳದವರೇ ಇಲ್ಲ. ನಾನು ಚಳ್ಳಕೆರೆ ಕಡೆ ಕರಿ ಕಂಬಳಿ ನೋಡುತ್ತಾ ಬೆಳೆದವಳು. ಉಣ್ಣೆಗೆ ಬಣ್ಣ ಹಾಕುವುದೇ ನನಗೆ ಹೊಸದು. ಈಗ ಕೆಂಪು ಬಂದಿದೆ, ಎರಡು ಮಳೆಗಾಲ ಕಳೆದರೂ ಮಾಸಿಲ್ಲ.

ಮೊದಲ ಸಲ ಬೇರು, ನೂಲು ಎರಡನ್ನೂ ಒಟ್ಟಿಗೆ ಕುದಿಸಿದೆ. ಬಂದದ್ದು ಕಾಫಿ ಡಿಕಾಕ್ಷನ್. ಎರಡನೇ ಸಲ ಅವಸರಕ್ಕೆ ಬಿಸಿ ನೂಲಿನ ಲಡಿಗಳನ್ನು ನಲ್ಲಿಯ ಕೊರೆಯುವ ನೀರಿಗೆ ಅದ್ದಿದೆ, ಎಲ್ಲಾ ಒಂದಕ್ಕೊಂದು ಕಚ್ಚಿಕೊಂಡು ಮುದ್ದೆಯಾಯಿತು. ನೂಲು, ಪಟಿಕ, ಸೌದೆ ಸೇರಿ 14 ಸಾವಿರದ ಹತ್ತಿರ ಹೋಯಿತು. ಮನೆಯವರಿಗೆ 9 ಅಂತ ಹೇಳಿದ್ದೆ.

ಪಕ್ಕದ ಮನೆಯ ಆಮಾ (ಅಜ್ಜಿ) ಹಿಂದೆ ಟಿಬೆಟ್ ವ್ಯಾಪಾರ ಮಾಡುತ್ತಿದ್ದ ಶೌಕಾ ಭೋಟಿಯಾ ಸಮುದಾಯದವರು, ವಯಸ್ಸು 80ರ ಆಸುಪಾಸು. ಅವರ ಅಪ್ಪ ಕುರಿಗಳ ಬೆನ್ನಿಗೆ ಚೀಲ ಹೇರಿಕೊಂಡು ಗಡಿಯ ಹಳ್ಳಿ ಮಿಲಂ ದಾಟಿ ಟಿಬೆಟಿಗೆ ಧಾನ್ಯ, ಬೆಲ್ಲ ಒಯ್ದು ಉಪ್ಪು, ಉಣ್ಣೆ, ಬಿಳಿಗಾರ ತರುತ್ತಿದ್ದರಂತೆ. 1962ರ ಚೀನಾ ಯುದ್ಧಕ್ಕೆ ಅದೆಲ್ಲ ನಿಂತಿತು. ಆಮಾ ನನ್ನ ಮುದ್ದೆಯನ್ನು ಹಿಂದೆಮುಂದೆ ತಿರುಗಿಸಿ, "ಚೇಲಿ (ಮಗಳೇ), ಇದು ಥುಲ್ಮಾಕ್ಕೂ (ದಪ್ಪ ಕಂಬಳಿಗೂ) ಆಗಲ್ಲ. ಉರಿ ತೆಗಿ" ಎಂದರು. ಅಷ್ಟೇ.

ತೆಗೆದೆ, ಅಂದರೆ ಕುದಿಯಲು ಬಿಡಲಿಲ್ಲ. ಅಂಟುವಾಳದಲ್ಲಿ ತೊಳೆದ ನೂಲು, ಕೆಜಿಗೆ 100 ಗ್ರಾಂ ಪಟಿಕ, ನೂಲಿನಷ್ಟೇ ತೂಕದ ಬೇರು. ರಾತ್ರಿ ನೆನೆಸಿದ ಬೇರಿನ ಮೊದಲ ನೀರು ಚೆಲ್ಲಿಬಿಡಿ, ಕಂದು ಅರ್ಧ ಅಲ್ಲೇ ಹೋಗುತ್ತದೆ. 65 ಡಿಗ್ರಿ ದಾಟಿಸಬೇಡಿ. ಒಂದೂವರೆ ಗಂಟೆ ಇಟ್ಟು, ಬೆಳಗಿನವರೆಗೆ ಪಾತ್ರೆಯಲ್ಲೇ ಆರಲು ಬಿಡಿ. ಇಲ್ಲಿನ ನೀರು ತೀರಾ ಮೆದು, ಅದಕ್ಕೆ ಒಂದು ಚಿಟಿಕೆ ಏನೋ ಬೆರೆಸುತ್ತೇನೆ. ಏನು ಅಂತ ಹೇಳಲ್ಲ. ಚಳ್ಳಕೆರೆ ಕಡೆ ಬೋರ್‌ವೆಲ್‌ನ ಗಡಸು ನೀರಿನವರಿಗೆ ಅದು ಬೇಕಾಗಿಯೂ ಇಲ್ಲ, ಅಲ್ವಾ?

ನಡುವೆ ಡೋಲು ಅನ್ನುವ ಬೆಟ್ಟದ ಗಿಡದ ಬೇರೂ ಹಾಕಿ ನೋಡಿದೆ. ಹಳದಿ ಬಂತು, ಬೂದಿ ನೀರಿಗೆ ಅದ್ದಿದರೆ ಗುಲಾಬಿ! ಕುಣಿದಾಡಿದೆ. ಒಂದು ಸಲ ತೊಳೆದೆ, ಮತ್ತೆ ಹಳದಿ. ಅಕ್ರೋಟ್ ಸಿಪ್ಪೆಗೆ ಪಟಿಕವೇ ಬೇಡ, ಆದರೆ ನನ್ನ ಕೈ ಎರಡು ವಾರ ಕಪ್ಪಾಗಿತ್ತು.

ನವೆಂಬರಿನಲ್ಲಿ ನೇಪಾಳ ಗಡಿಯ ಜೌಲ್ಜಿಬಿ ಜಾತ್ರೆಗೆ 6 ಕೆಜಿ ಕೆಂಪು ನೂಲು ಒಯ್ದೆ. ದನ್ (ಉಣ್ಣೆಯ ರತ್ನಗಂಬಳಿ) ನೇಯುವವರೇ 4 ಕೆಜಿ ಕೊಂಡರು, ಚೌಕಾಸಿ ಕೂಡ ಜಾಸ್ತಿ ಮಾಡಲಿಲ್ಲ. ಹಾಕಿದ್ದರಲ್ಲಿ ಮುಕ್ಕಾಲು ಪಾಲು ಬಂದ ಹಾಗೆ. ಆ ಕಡೆಯ ಕಾಡಿನ ಬುಡಕಟ್ಟಿನವರಾದ ವನರಾಜಿಗಳು ಹಿಂದೆ ತಾವು ಕೊರೆದ ಮರದ ಬಟ್ಟಲುಗಳನ್ನು ರಾತ್ರಿ ಹೊತ್ತು ಊರ ಮನೆಗಳ ಬಾಗಿಲಲ್ಲಿಟ್ಟು, ಮುಖ ತೋರಿಸದೆ, ಬದಲಿಗೆ ಇಟ್ಟ ಧಾನ್ಯ ಒಯ್ಯುತ್ತಿದ್ದರಂತೆ.

ಆಮಾ ದುಡ್ಡು ಕೊಟ್ಟರೆ ಬೈಯುತ್ತಾರೆ. ಹಾಗಾಗಿ ನಾನೂ ಒಂದು ರಾತ್ರಿ ಮೂರು ಲಡಿ ಅವರ ಬಾಗಿಲಲ್ಲಿಟ್ಟು ಸುಮ್ನೆ ಬಂದೆ. ಬೆಳಗ್ಗೆ ನಮ್ಮ ಜಗಲಿ ಮೇಲೆ ಒಂದು ಚೀಲ ರಾಜ್ಮಾ ಇತ್ತು. ಅದರ ಮೇಲೆ ನನ್ನದೇ ಒಂದು ಲಡಿ, ವಾಪಸ್. ಬಿಚ್ಚಿ ನೋಡಿದರೆ ದಾರ ಕಟ್ಟಿದ್ದ ಕಡೆ ಬಣ್ಣ ಹಿಡಿದಿರಲಿಲ್ಲ.