ಸೆಕ್ಷನ್ 149 ಹಿಡಿದು ಹೇಗ್‌ವರೆಗೆ

ಐದು ವರ್ಷದ ಬಿಎ ಎಲ್‌ಎಲ್‌ಬಿಯಲ್ಲಿ ಅಂತರರಾಷ್ಟ್ರೀಯ ಅಪರಾಧ ಕಾನೂನಿಗೆಂದು ನಮಗೆ ಬೇರೆ ಪೇಪರ್ ಇರಲಿಲ್ಲ. ಅಂತರರಾಷ್ಟ್ರೀಯ ಕಾನೂನಿನ ಪೇಪರ್‌ನ ಕೊನೆಯ ಘಟಕದಲ್ಲಿ ಯುದ್ಧಾಪರಾಧ, ನರಮೇಧಗಳ ವಿಚಾರಣೆ ಮಾಡುವ ನ್ಯಾಯಮಂಡಳಿಗಳ ಹೆಸರುಗಳು ಸಾಲಾಗಿದ್ದವು: ನ್ಯೂರೆಂಬರ್ಗ್, ಟೋಕಿಯೊ, ಯುಗೊಸ್ಲಾವಿಯಾ, ರುವಾಂಡಾ, ಐಸಿಸಿ (ನೆದರ್ಲೆಂಡ್ಸ್‌ನ ಹೇಗ್‌ನಲ್ಲಿರುವ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ). ಜೆರಾಕ್ಸ್ ನೋಟ್ಸ್‌ನಲ್ಲಿ ಒಂದೊಂದಕ್ಕೆ ಅರ್ಧ ಪುಟ. ಪಾಸಾಗಲು ಅಷ್ಟು ಸಾಕಿತ್ತು. ನನಗೆ ಈ ವಿಷಯದ ಹುಚ್ಚು ಹಿಡಿದದ್ದು ಮಾತ್ರ ಐಪಿಸಿ, ಅಂದರೆ ಭಾರತೀಯ ದಂಡ ಸಂಹಿತೆ, ಓದುವಾಗ.

ನಮ್ಮ ಕಡೆ ಎಫ್‌ಐಆರ್‌ಗಳಲ್ಲಿ ‘ಅಕ್ರಮಕೂಟ ಕಟ್ಟಿಕೊಂಡು’ ಎಂದು ಬರುತ್ತದಲ್ಲ, ಅದು ಸೆಕ್ಷನ್ 149. ಈಗ ಭಾರತೀಯ ನ್ಯಾಯ ಸಂಹಿತೆಯ 190. ಐದು ಅಥವಾ ಹೆಚ್ಚು ಜನರ ಕೂಟದಲ್ಲಿ ಒಬ್ಬ ಕೊಂದರೂ, ಕೂಟದ ಉದ್ದೇಶ ಸಾಧನೆಯಲ್ಲಿ ಅಂಥದ್ದು ನಡೆಯುವ ಸಂಭವವಿದೆ ಎಂದು ಉಳಿದವರಿಗೆ ಗೊತ್ತಿದ್ದರೆ ಅವರೂ ಅದೇ ಅಪರಾಧಕ್ಕೆ ಹೊಣೆ. ಇದನ್ನು ಮಗ್ಗುಲಲ್ಲಿಟ್ಟುಕೊಂಡು ಯುಗೊಸ್ಲಾವಿಯಾ ನ್ಯಾಯಮಂಡಳಿಯ ಟಾಡಿಚ್ ಮೇಲ್ಮನವಿ ತೀರ್ಪು ಓದಿದೆ. 1992ರ ಜೂನ್ 14ರಂದು ಬೋಸ್ನಿಯಾದ ಯಾಸ್ಕಿಚಿ ಎಂಬ ಹಳ್ಳಿಗೆ ಸಶಸ್ತ್ರ ಗುಂಪೊಂದು ನುಗ್ಗಿತು. ಅದರಲ್ಲಿ ಟಾಡಿಚ್ ಎಂಬ ಸರ್ಬನಿದ್ದ. ಗುಂಪು ಹೋದ ಮೇಲೆ ಐವರು ಗಂಡಸರ ಹೆಣ ಸಿಕ್ಕಿತು. ಕೊಂದವರು ಯಾರೆಂದು ಸಾಬೀತಾಗಿಲ್ಲವೆಂದು ವಿಚಾರಣಾ ಪೀಠ ಈ ಕೊಲೆಗಳ ಮಟ್ಟಿಗೆ ಅವನನ್ನು ಬಿಟ್ಟಿತು. 1999ರ ಜುಲೈ 15ರಂದು ಮೇಲ್ಮನವಿ ಪೀಠ ಅದನ್ನು ತಿರುಗಿಸಿತು: ಸರ್ಬರಲ್ಲದವರನ್ನು ಆ ಪ್ರದೇಶದಿಂದ ಓಡಿಸುವ ಸಮಾನ ಯೋಜನೆಯಲ್ಲಿ ಅವನು ತಿಳಿದೇ ಪಾಲುಗೊಂಡಿದ್ದ, ಅದರಲ್ಲಿ ಹೆಣ ಬೀಳಬಹುದೆಂಬುದು ಮೊದಲೇ ಊಹಿಸಬಹುದಾದದ್ದು, ಆದರೂ ಹೋದ.

ಓದುತ್ತಿದ್ದಂತೆ ‘ಇದು ನಮ್ಮ 149 ಅಲ್ಲವೇ’ ಅನ್ನಿಸಿತು. ಪೂರ್ತಿ ಅದೇ ಅಲ್ಲ. ನಮ್ಮಲ್ಲಿ ಕನಿಷ್ಠ ಐವರು ಬೇಕು, ಕೂಟದ ಉದ್ದೇಶ ಅಕ್ರಮಕೂಟ ಎಂದರೇನೆಂದು ಹೇಳುವ ಸೆಕ್ಷನ್ 141ರ (ಈಗ 189) ಪಟ್ಟಿಯೊಳಗೇ ಬರಬೇಕು. ಅಲ್ಲಿ ತಲೆಗಳ ಲೆಕ್ಕವಿಲ್ಲ, ಒಬ್ಬರಿಗಿಂತ ಹೆಚ್ಚು ಜನ ಇದ್ದರಾಯಿತು. ಐಸಿಸಿ ಈ ದಾರಿ ಬಿಟ್ಟು ಬೇರೆ ಹಿಡಿದಿದೆ. ಕಾಂಗೊದ ಸಶಸ್ತ್ರ ಗುಂಪಿನ ನಾಯಕ ಲುಬಾಂಗಾ ಬಾಲಸೈನಿಕರನ್ನು ಬಳಸಿದ ವಿಷಯದ ತೀರ್ಪಿನಲ್ಲಿ (2012) ಅದು ಕೇಳಿದ್ದು, ಒಟ್ಟು ಯೋಜನೆಯಲ್ಲಿ ಆರೋಪಿಯ ಪಾತ್ರ ಅತ್ಯಗತ್ಯದ್ದಾಗಿತ್ತೇ ಎಂದು. ನನ್ನ ಮಟ್ಟಿಗೆ ಇದೇ ನ್ಯಾಯವಾದ ಅಳತೆ. 149ರಡಿ ಊರಿಗೂರನ್ನೇ ಆರೋಪಿ ಮಾಡುವುದನ್ನು ಕಂಡವರಿಗೆ ಟಾಡಿಚ್ ತೀರ್ಪಿನ ಅಪಾಯವೂ ಬೇಗ ಹೊಳೆಯುತ್ತದೆ.

ಪದವಿಯಲ್ಲಿ ಎಲ್ಲ ಮೊಕದ್ದಮೆ ಓದಲಾಗದು. ನಾನು ಆದಿಯಿಂದ ಅಂತ್ಯದವರೆಗೆ ಓದಿದ್ದು ಅಕಾಯೆಸು ತೀರ್ಪನ್ನು: ರುವಾಂಡಾ ನ್ಯಾಯಮಂಡಳಿ, 1998ರ ಸೆಪ್ಟೆಂಬರ್ 2. ಅಂತರರಾಷ್ಟ್ರೀಯ ನ್ಯಾಯಮಂಡಳಿಯೊಂದು ವಿಚಾರಣೆ ನಡೆಸಿ ನರಮೇಧದ ಅಪರಾಧ ಸಾಬೀತು ಎಂದ ಮೊದಲ ಮೊಕದ್ದಮೆ ಅದು. ಅಕಾಯೆಸು ತಾಬಾ ಎಂಬ ಸ್ಥಳೀಯಾಡಳಿತದ ಮುಖ್ಯಸ್ಥ. ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಂ ಹಾಕಿದ್ದೆ: ಕೃತ್ಯ, ಸಂದರ್ಭ, ಮನಸ್ಸು, ಸಾಕ್ಷ್ಯ. ಕಾನೂನಿನ ಪ್ರತಿ ಅಂಶಕ್ಕೂ ಸಾಕ್ಷ್ಯದ ಪ್ಯಾರಾ ನಂಬರ್ ಬರೆಯುವುದು. ಬೇಸರದ ಕೆಲಸ, ಆದರೆ ಕಲಿತದ್ದೆಲ್ಲ ಅಲ್ಲೇ. ವಿಶ್ವಸಂಸ್ಥೆಯ ನರಮೇಧ ಒಪ್ಪಂದ ರಕ್ಷಿಸುವುದು ರಾಷ್ಟ್ರೀಯ, ಜನಾಂಗೀಯ, ವರ್ಣೀಯ, ಧಾರ್ಮಿಕ ಗುಂಪುಗಳನ್ನು ಮಾತ್ರ. ರುವಾಂಡಾದಲ್ಲಿ ಹತ್ಯೆಗೊಳಗಾದ ಟುಟ್ಸಿಗಳದೂ ಅಲ್ಲಿನ ಬಹುಸಂಖ್ಯಾತ ಹುಟುಗಳದೂ ಒಂದೇ ಭಾಷೆ, ಒಂದೇ ಸಂಸ್ಕೃತಿ. ಹಾಗಾದರೆ ಟುಟ್ಸಿಗಳು ಬೇರೆ ಗುಂಪು ಹೇಗೆ? ನ್ಯಾಯಾಧೀಶರು ತೋರಿಸಿದ್ದು ಗುರುತಿನ ಚೀಟಿಯನ್ನು. ಬೆಲ್ಜಿಯಂ ಆಳ್ವಿಕೆಯ ಕಾಲದಿಂದ ಬಂದ ಆ ಚೀಟಿಯಲ್ಲಿ ಯಾವ ಗುಂಪಿನವರೆಂದು ನಮೂದಾಗಿರುತ್ತಿತ್ತು. ಕೇಳಿದಾಗ ಸಾಕ್ಷಿಗಳೂ ತಡವರಿಸದೆ ತಮ್ಮ ಗುಂಪು ಹೇಳಿದರು. ಸರ್ಕಾರದ ಕಾಗದವೇ ಗುಂಪನ್ನು ಗಟ್ಟಿ ಮಾಡಿದ್ದಕ್ಕೆ ಸಾಕ್ಷ್ಯವಾಯಿತು. ನಮ್ಮಂಥ ಜಾತಿ ಪ್ರಮಾಣಪತ್ರದ ದೇಶದ ವಿದ್ಯಾರ್ಥಿ ಇದನ್ನು ಓದಿ ಸುಮ್ಮನೆ ಪುಟ ತಿರುಗಿಸಲಾರ.

ಅದೇ ಮೊಕದ್ದಮೆಯ ಮೂಲ ದೋಷಾರೋಪದಲ್ಲಿ ಅತ್ಯಾಚಾರದ ಮಾತೇ ಇರಲಿಲ್ಲ. ವಿಚಾರಣೆ ನಡೆಯುತ್ತಿದ್ದಾಗ ಸಾಕ್ಷಿಯೊಬ್ಬಳು ತನ್ನ ಮಗಳ ಮೇಲಾದದ್ದನ್ನು ಹೇಳಿದಳು. ಪೀಠದಲ್ಲಿದ್ದ ಒಬ್ಬಳೇ ಮಹಿಳಾ ನ್ಯಾಯಾಧೀಶೆ ನವಿ ಪಿಳ್ಳೈ ಅದರ ಬಗ್ಗೆ ಪ್ರಶ್ನೆ ಕೇಳಿದರು. 1997ರ ಜೂನ್‌ನಲ್ಲಿ ದೋಷಾರೋಪ ತಿದ್ದುಪಡಿಯಾಯಿತು. ಕೊನೆಗೆ ಅತ್ಯಾಚಾರವೂ ನರಮೇಧದ ಕೃತ್ಯವಾಗಬಲ್ಲದು ಎಂದು ಪೀಠ ಹೇಳಿತು. ಸಾರಾಂಶ ಓದಿದವರಿಗೆ ಕೊನೆಯ ವಾಕ್ಯ ಸಿಗುತ್ತದೆ, ಅಲ್ಲಿಗೆ ಬಂದ ಹಾದಿ ಸಿಗುವುದಿಲ್ಲ.

ಖರ್ಚೇನೂ ಆಗಲಿಲ್ಲ. ತೀರ್ಪುಗಳು ನ್ಯಾಯಾಲಯಗಳ ಜಾಲತಾಣದಲ್ಲೇ ಉಚಿತ. ಐಸಿಸಿ ಕಲಾಪವೂ ಅರ್ಧ ಗಂಟೆ ತಡವಾಗಿ ಪ್ರಸಾರವಾಗುತ್ತದೆ. ಹೇಗ್‌ನ ಬೆಳಗ್ಗೆ ನಮಗೆ ಮಧ್ಯಾಹ್ನ, ಕ್ಲಾಸ್ ಮುಗಿಸಿ ಬಂದು ನೋಡಬಹುದು. ಪಾಟೀಸವಾಲು ಎಲ್ಲಿಯದಾದರೂ ಪಾಟೀಸವಾಲೇ.

ತಾಲ್ಲೂಕು ಕೋರ್ಟಿನಲ್ಲಿ ವಕೀಲರಾದ ದೊಡ್ಡಪ್ಪ ಒಮ್ಮೆ ಕೇಳಿದರು, “ಭಾರತ ಆ ಕೋರ್ಟಿಗೆ ಸೇರೇ ಇಲ್ಲ, ಇದನ್ನ ಓದಿ ಏನ್ ಮಾಡ್ತೀ?” ನಿಜವೇ. ಐಸಿಸಿ ಸ್ಥಾಪಿಸುವ ಒಪ್ಪಂದದ ಮೇಲೆ 1998ರಲ್ಲಿ ರೋಮ್‌ನಲ್ಲಿ ಮತ ಹಾಕಿದಾಗ 120 ದೇಶ ಪರ, 7 ವಿರುದ್ಧ, 21 ತಟಸ್ಥ, ನಾವು ತಟಸ್ಥರು. ಭದ್ರತಾ ಮಂಡಳಿಗೆ ಕೊಟ್ಟ ಅಧಿಕಾರ, ಅಣ್ವಸ್ತ್ರವನ್ನು ನಿಷಿದ್ಧ ಆಯುಧಗಳ ಪಟ್ಟಿಯಿಂದ ಬಿಟ್ಟದ್ದು ನಮ್ಮ ತಕರಾರಿನಲ್ಲಿದ್ದವು. ನಾನು ಅವರ ಕೈಗೆ ದೆಹಲಿ ಹೈಕೋರ್ಟಿನ ಸಜ್ಜನ್ ಕುಮಾರ್ ತೀರ್ಪು (2018) ಕೊಟ್ಟೆ. 1984ರ ಸಿಖ್ಖರ ಹತ್ಯೆಯ ಆ ಮೊಕದ್ದಮೆಯಲ್ಲಿ, ನರಮೇಧವಾಗಲಿ ಮಾನವೀಯತೆಯ ವಿರುದ್ಧದ ಅಪರಾಧವಾಗಲಿ ನಮ್ಮ ದೇಶದ ಕಾನೂನಿನಲ್ಲಿಲ್ಲ, ಈ ಲೋಪ ಬೇಗ ಸರಿಯಾಗಬೇಕು ಎಂದು ಪೀಠ ಬರೆದಿದೆ. ನರಮೇಧ ಒಪ್ಪಂದವನ್ನು ನಾವು ಅನುಮೋದಿಸಿದ್ದು 1959ರಲ್ಲಿ. ದೊಡ್ಡಪ್ಪ ಓದಿ, “ಹಂಗಾರೆ ಇಷ್ಟ್ ವರ್ಷ ಬರೀ 302 ಹಾಕ್ಕೊಂಡೇ ಬಂದೀವಲ್ಲ” ಅಂದರು. 302 ಅಂದರೆ ಐಪಿಸಿಯ ಕೊಲೆಯ ಸೆಕ್ಷನ್. ಕೊನೆಯ ವರ್ಷದ ಪ್ರಬಂಧಕ್ಕೆ ಈ ಲೋಪವನ್ನೇ ಎತ್ತಿಕೊಂಡೆ. ಹೋಲಿಕೆಗೆ, ಇಂಥ ಅಪರಾಧಗಳ ವಿಚಾರಣೆಗೆಂದೇ ಮಾಡಿದ ಬಾಂಗ್ಲಾದೇಶದ 1973ರ ಕಾಯ್ದೆ ಸಿಕ್ಕಿತು.