ಕಲಾಸಂಘದ ಹೊಣೆ ಹೆಗಲಿಗೆ ಬಂದಿದೆಯೇ? ಹೀಗೆ ಶುರು ಮಾಡಿ

ಸರ್ವಸದಸ್ಯರ ಸಭೆ ಮುಗಿಯುವ ಹೊತ್ತಿಗೆ ಯಾರೋ ನಿಮ್ಮ ಹೆಸರು ಸೂಚಿಸುತ್ತಾರೆ, ಇನ್ಯಾರೋ ಅನುಮೋದಿಸುತ್ತಾರೆ, ಚಪ್ಪಾಳೆ ಬೀಳುತ್ತದೆ. ಅಲ್ಲಿಗೆ ನೀವು ಅಧ್ಯಕ್ಷರೋ ಕಾರ್ಯದರ್ಶಿಯೋ ಆದಿರಿ. ಹವ್ಯಾಸಿ ನಾಟಕ ತಂಡವಿರಲಿ, ಗಾಯನ ವೃಂದವಿರಲಿ, ಚಿತ್ರಕಲೆಯ ಬಳಗವಿರಲಿ, ಮುಂದಾಳತ್ವ ಬರುವುದು ಬಹುಮಟ್ಟಿಗೆ ಹೀಗೆಯೇ. ನಿಮಗೆ ಸಂಬಳವಿಲ್ಲ, ಯಾರೂ ತರಬೇತಿ ಕೊಡುವುದಿಲ್ಲ. ನಿಮ್ಮೊಂದಿಗೆ ದುಡಿಯುವವರಿಗೂ ಸಂಬಳವಿಲ್ಲ. ಮನಸ್ಸು ಮುರಿದರೆ ಅವರು ಯಾವತ್ತು ಬೇಕಾದರೂ ಬರುವುದನ್ನು ನಿಲ್ಲಿಸಬಹುದು, ಕಾರಣ ಹೇಳಬೇಕಾಗಿಯೂ ಇಲ್ಲ.

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಬೆಥ್ಲೆಹೆಮ್‌ನಲ್ಲಿ 1898ರಲ್ಲಿ, ಜರ್ಮನ್ ಸಂಗೀತ ರಚನಕಾರ ಬಾಖ್‌ನ ಕೃತಿಗಳನ್ನು ಹಾಡಲು, ಗಾಯನ ವೃಂದವೊಂದು ಹುಟ್ಟಿಕೊಂಡಿತು. ಊರಿನವರೇ ಸೇರಿ ಹಾಡುವ ತಂಡ. ಎರಡೇ ವರ್ಷದಲ್ಲಿ, 1900ರಲ್ಲಿ, ಬಾಖ್‌ನ ಅತಿ ಕಠಿಣ ಕೃತಿಯೊಂದನ್ನು ಹಾಡಿ ಉತ್ಸವವನ್ನೇ ಆರಂಭಿಸಿತು. ವೃಂದ ಕಟ್ಟಿದ ಜೆ. ಫ್ರೆಡ್ ವೋಲೆ 1905ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೊರಟುಹೋದರು. ಉತ್ಸವ ನಿಂತಿತು. ಮತ್ತೆ ಶುರುವಾದದ್ದು ಅವರು ಹಿಂತಿರುಗಿದ ಮೇಲೆ, 1912ರಲ್ಲಿ. ಅಷ್ಟು ಚೆನ್ನಾಗಿ ಹಾಡುತ್ತಿದ್ದ ತಂಡಕ್ಕೇ ಹೀಗಾಗುವುದಾದರೆ ನಮ್ಮ ನಿಮ್ಮ ಸಂಘಗಳ ಮಾತೇನು? ಅದಕ್ಕೇ ಹೇಳುತ್ತೇನೆ, ತಾನಿಲ್ಲದಿದ್ದರೂ ಸಂಘ ನಡೆಯುವಂತೆ ಮಾಡುವುದು ಸ್ವಯಂಸೇವೆಯ ನಾಯಕತ್ವದ ಮುಖ್ಯ ಕೆಲಸ. ಈ ಕೆಲಸ ಶುರುವಾಗಬೇಕಾದದ್ದು ಅಧಿಕಾರ ಹಿಡಿದ ಮೊದಲ ವಾರದಲ್ಲೇ.

ಮೊದಲ ತಿಂಗಳು ಹೊಸದೇನನ್ನೂ ಘೋಷಿಸಬೇಡಿ

ಹೊಸ ಪದಾಧಿಕಾರಿಗಳಿಗೆ ಏನಾದರೂ ದೊಡ್ಡದು ಮಾಡಿ ತೋರಿಸುವ ಹುಮ್ಮಸ್ಸು ಸಹಜ. ಸ್ವಲ್ಪ ತಡೆಯಿರಿ. ಮೊದಲು ಸಂಘದ ಆಸ್ತಿಪಾಸ್ತಿ ಎಲ್ಲೆಲ್ಲಿದೆ ಎಂದು ಪತ್ತೆ ಮಾಡಿ. ಬೈಲಾ, ನೋಂದಣಿ ಪತ್ರ, ನಡಾವಳಿ ಪುಸ್ತಕ, ಬ್ಯಾಂಕಿನ ದಾಖಲೆ, ರಸೀದಿ ಪುಸ್ತಕ, ಸದಸ್ಯರ ಪಟ್ಟಿ, ವೇಷಭೂಷಣ ಮತ್ತು ವಾದ್ಯಗಳ ದಾಸ್ತಾನು, ಗೋದಾಮಿನ ಕೀಲಿ. ಈಗಿನ ಕಾಲಕ್ಕೆ ಇನ್ನೊಂದು ಸೇರಿಸಿಕೊಳ್ಳಿ: ಇಮೇಲ್ ಮತ್ತು ಫೇಸ್‌ಬುಕ್ ಪುಟದ ಪಾಸ್‌ವರ್ಡ್, ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್ ಯಾರು ಎಂಬ ಮಾಹಿತಿ. ಎಷ್ಟೋ ಸಂಘಗಳ ಫೇಸ್‌ಬುಕ್ ಪುಟ, ಎಂದೋ ಸಂಘ ಬಿಟ್ಟುಹೋದ ಯುವಕನೊಬ್ಬನ ಸ್ವಂತ ಖಾತೆಗೆ ಅಂಟಿಕೊಂಡಿರುತ್ತದೆ. ಅವನ ಜೊತೆ ಮಾತುಕತೆ ಚೆನ್ನಾಗಿರುವಾಗಲೇ ಅದನ್ನು ಸಂಘದ ಹೆಸರಿಗೆ ವರ್ಗಾಯಿಸಿಕೊಳ್ಳಿ.

ಬೈಲಾವನ್ನು ಒಮ್ಮೆ ಪೂರ್ತಿ ಓದಿ. ಸಮಿತಿಯಲ್ಲಿ ಅದನ್ನು ಓದಿದವರು ನೀವೊಬ್ಬರೇ ಆಗಿರುವ ಸಾಧ್ಯತೆ ಸಾಕಷ್ಟಿದೆ. ಸಭೆಗೆ ಕೋರಂ (ಕನಿಷ್ಠ ಹಾಜರಾತಿ) ಎಷ್ಟು, ನಿಮ್ಮ ಅವಧಿ ಎಷ್ಟು ವರ್ಷ, ಎಷ್ಟು ಹಣದವರೆಗೆ ಸಮಿತಿಯನ್ನು ಕೇಳದೆ ಖರ್ಚು ಮಾಡಬಹುದು ಎನ್ನುವುದೆಲ್ಲ ಅಲ್ಲಿದೆ. ಬೈಲಾ ಇಲ್ಲದ ಅನೌಪಚಾರಿಕ ಬಳಗವಾದರೆ ಈ ಮೂರು ವಿಷಯಗಳನ್ನು ಒಂದು ಪುಟದಲ್ಲಿ ಬರೆದು ಎಲ್ಲರ ಒಪ್ಪಿಗೆ ಪಡೆಯಿರಿ, ಸದ್ಯಕ್ಕೆ ಅಷ್ಟು ಸಾಕು.

ಆಮೇಲೆ ಸದಸ್ಯರೊಂದಿಗೆ ಒಬ್ಬೊಬ್ಬರಾಗಿ ಮಾತಾಡಿ. ತಾಲೀಮು ಮುಗಿದ ಮೇಲೆ ಹತ್ತು ನಿಮಿಷ ಕೂತರೂ ಆದೀತು. ಇಲ್ಲಿಗೆ ಯಾಕೆ ಬಂದಿರಿ, ಯಾವ ಕೆಲಸದಲ್ಲಿ ಖುಷಿ ಸಿಗುತ್ತದೆ, ಯಾವುದನ್ನು ಒಲ್ಲದ ಮನಸ್ಸಿನಿಂದ ಮಾಡುತ್ತಿದ್ದೀರಿ ಎಂದು ಕೇಳಿ. ಬ್ಯಾಂಕಿನಲ್ಲಿ ಕೆಲಸ ಮಾಡುವವರನ್ನು ಕಂಡ ಕೂಡಲೇ ಖಜಾಂಚಿ ಮಾಡುವುದು ನಮ್ಮಲ್ಲಿ ವಾಡಿಕೆ. ದಿನವಿಡೀ ಲೆಕ್ಕ ನೋಡಿ ದಣಿದ ಮನುಷ್ಯ ಸಂಜೆ ಸಂಘಕ್ಕೆ ಬರುವುದು ಬಹುಶಃ ರಂಗಸಜ್ಜಿಕೆಗೆ ಬಣ್ಣ ಬಳಿಯುವ ಆಸೆಯಿಂದ. ಅವರ ಕೈಗೆ ಮತ್ತೆ ಲೆಕ್ಕದ ಪುಸ್ತಕ ಕೊಟ್ಟರೆ ಒಂದು ವರ್ಷ ಮಾಡುತ್ತಾರೆ, ಮರುವರ್ಷ ಕಾಣಿಸುವುದಿಲ್ಲ. ಉತ್ತರಗಳನ್ನು ಬರೆದಿಟ್ಟುಕೊಳ್ಳಿ. ಯಾರಿಗೆ ಯಾವ ಕೆಲಸ ಎಂದು ಯೋಚಿಸುವಾಗ ಈ ಪಟ್ಟಿಯೇ ಕೈಹಿಡಿಯುತ್ತದೆ.

ಕೆಲಸವನ್ನು ಒಬ್ಬರ ಕೈಗೆ ಹಿಡಿಸುವಷ್ಟು ಒಡೆಯಿರಿ

‘ಪ್ರಚಾರದ ಕೆಲಸ ನೀವು ನೋಡ್ಕೊಳ್ಳಿ’ ಎಂದರೆ ಕೇಳಿದವರು ಬೆಚ್ಚುತ್ತಾರೆ. ಪ್ರಚಾರಕ್ಕೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ. ಅದನ್ನೇ ಪೋಸ್ಟರ್ ವಿನ್ಯಾಸ, ಮುದ್ರಣದ ಓಡಾಟ, ಪತ್ರಿಕೆಗಳಿಗೆ ಪ್ರಕಟಣೆ, ಜಾಲತಾಣದ ಪೋಸ್ಟ್, ಹಳೆಯ ಪ್ರೇಕ್ಷಕರಿಗೆ ಸಂದೇಶ ಎಂದು ಐದಾಗಿ ಒಡೆದರೆ ಐದು ಜನ ಸಿಗುತ್ತಾರೆ. ಪ್ರತಿ ಕೆಲಸಕ್ಕೂ ಅರ್ಧ ಪುಟದ ಚೀಟಿ ಮಾಡಿ. ಟಿಕೆಟ್ ಕೌಂಟರಿನ ಚೀಟಿ ಹೀಗಿರಬಹುದು:

“ಪ್ರದರ್ಶನಕ್ಕೆ ಒಂದೂವರೆ ಗಂಟೆ ಮೊದಲು ಬನ್ನಿ. ಖಜಾಂಚಿಯಿಂದ ಚಿಲ್ಲರೆ ಹಣ ಎಣಿಸಿ ತೆಗೆದುಕೊಳ್ಳಿ, ಮೊತ್ತವನ್ನು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಕಾಯ್ದಿರಿಸಿದ ಟಿಕೆಟ್‌ಗಳು ಹೆಸರಿನ ಅಕಾರಾದಿಯಲ್ಲಿ ಪೆಟ್ಟಿಗೆಯಲ್ಲಿವೆ. ನಾಟಕ ಶುರುವಾಗಿ ಹದಿನೈದು ನಿಮಿಷಕ್ಕೆ ಕೌಂಟರ್ ಮುಚ್ಚಿ. ಹಣವನ್ನು ಒಬ್ಬರೇ ಎಣಿಸಬೇಡಿ. ಏನಾದರೂ ಗೊಂದಲವಾದರೆ ಸಭಾಂಗಣದ ಉಸ್ತುವಾರಿಯವರನ್ನು ಕರೆಯಿರಿ. ಮಧ್ಯಂತರದಲ್ಲಿ ನಿಮಗೆ ಬಿಡುವು. ಉಳಿದ ನಾಟಕ ನೋಡಬಹುದು.”

ಕೊನೆಯ ಸಾಲನ್ನು ಖಂಡಿತ ಬಿಡಬೇಡಿ. ಕಲೆಯ ಮೇಲಿನ ಪ್ರೀತಿಯಿಂದ ಬಂದವರನ್ನು ನಾಟಕದುದ್ದಕ್ಕೂ ಹೊರಗೆ ಕೂರಿಸಿದರೆ ಅವರು ಬಂದು ಏನು ಪ್ರಯೋಜನ? ಅಂದ ಹಾಗೆ, ಚೀಟಿ ಬರೆಯಲು ಸರಿಯಾದ ಜನ ಈವರೆಗೆ ಆ ಕೆಲಸ ಮಾಡಿದವರೇ. ನೀವು ಊಹಿಸಿ ಬರೆದರೆ ‘ಕೌಂಟರಿನ ಬಲಗಡೆಯ ದೀಪ ಉರಿಯಲ್ಲ’ ಎಂಬಂಥ ವಿಷಯ ಬಿಟ್ಟುಹೋಗುತ್ತದೆ. ಒಂದು ಋತು ಹೀಗೆ ಚೀಟಿಗಳು ಸೇರಿದರೆ ಸಂಘದ ಕೈಪಿಡಿ ತಾನಾಗಿಯೇ ಸಿದ್ಧವಾಗುತ್ತದೆ.

ಗುಂಪಿಗೆ ಹೇಳಬೇಡಿ, ವ್ಯಕ್ತಿಯನ್ನು ಕೇಳಿ

‘ಭಾನುವಾರಕ್ಕೆ ನಾಲ್ಕು ಜನ ಬೇಕು, ಆಸಕ್ತರು ತಿಳಿಸಿ’ ಎಂದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಅರವತ್ತು ಜನ ನೋಡುತ್ತಾರೆ, ಪ್ರತಿಯೊಬ್ಬರೂ ಉಳಿದ ಐವತ್ತೊಂಬತ್ತು ಜನರಲ್ಲಿ ಯಾರಾದರೂ ಹೋಗುತ್ತಾರೆ ಎಂದುಕೊಳ್ಳುತ್ತಾರೆ. ಫೋನ್ ಮಾಡಿ. “ಅಕ್ಕ, ಹೋದ ಸಲ ನೀವು ಪ್ರೇಕ್ಷಕರನ್ನು ಕೂರಿಸಿದ ರೀತಿ ಎಲ್ಲರಿಗೂ ಹಿಡಿಸಿತ್ತು. ಈ ಭಾನುವಾರ ನಾಲ್ಕರಿಂದ ಆರರವರೆಗೆ ಬಾಗಿಲ ಹತ್ತಿರ ನಿಲ್ಲೋಕೆ ಆಗತ್ತಾ? ಆಗಲ್ಲ ಅಂದ್ರೂ ಬೇಜಾರಿಲ್ಲ, ಬೇರೆಯವರನ್ನ ಕೇಳ್ತೀನಿ” ಎನ್ನಿ. ಯಾಕೆ ಅವರನ್ನೇ ಕೇಳುತ್ತಿದ್ದೀರಿ, ಎಷ್ಟು ಹೊತ್ತಿನ ಕೆಲಸ, ಬೇಡ ಎನ್ನುವ ಸ್ವಾತಂತ್ರ್ಯ ಇದೆಯೇ ಎನ್ನುವ ಮೂರೂ ಈ ಮಾತಿನಲ್ಲಿ ಅವರಿಗೆ ತಿಳಿಯುತ್ತವೆ. ಬೇಡ ಎನ್ನಲು ಬಿಟ್ಟವರು ಇನ್ನೊಮ್ಮೆ ಹೂಂ ಎನ್ನುತ್ತಾರೆ. ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಒಪ್ಪಿದವರು ಕೊನೆ ಗಳಿಗೆಯಲ್ಲಿ ಕೈಕೊಡುತ್ತಾರೆ.

ಮುಖ್ಯ ಹೊಣೆ ಪ್ರತಿಯೊಂದಕ್ಕೂ ಒಬ್ಬ ಜೊತೆಗಾರ ಇರಲಿ. ಬೆಳಕಿನ ವಿನ್ಯಾಸ ಬಲ್ಲವರು ಒಬ್ಬರೇ ಇದ್ದರೆ, ಅವರ ಪಕ್ಕದಲ್ಲಿ ಹೊಸಬರೊಬ್ಬರನ್ನು ಕೂರಿಸಿ. ಕಲಿಸುವ ಕೆಲಸಕ್ಕೆ ಸಮಯ ಹಿಡಿಯುತ್ತದೆ, ‘ಇದಕ್ಕಿಂತ ನಾನೇ ಮಾಡಿಬಿಡೋದು ಸಲೀಸು’ ಎಂದು ಹಳಬರು ಗೊಣಗುತ್ತಾರೆ. ಆದರೂ ಪಟ್ಟು ಬಿಡಬೇಡಿ.

ಸಭೆ: ಒಂದೂವರೆ ಗಂಟೆ ಮೀರದಿರಲಿ

ಅಮೆರಿಕದ ಸೇನಾ ಎಂಜಿನಿಯರ್ ಹೆನ್ರಿ ಮಾರ್ಟಿನ್ ರಾಬರ್ಟ್ ಅವರಿಗೆ 1863ರಲ್ಲಿ ನ್ಯೂ ಬೆಡ್‌ಫರ್ಡ್‌ನ ಸಭೆಯೊಂದರ ಅಧ್ಯಕ್ಷತೆ ವಹಿಸುವ ಪ್ರಸಂಗ ಬಂತು. ಸಭೆ ನಡೆಸುವ ಕ್ರಮ ಗೊತ್ತಿರಲಿಲ್ಲ, ಸಭೆ ಹಳಿ ತಪ್ಪಿತು. ಆ ಮುಜುಗರದಿಂದಲೇ ಅವರು ವಿಷಯವನ್ನು ಕೂಲಂಕಷವಾಗಿ ಅಭ್ಯಾಸ ಮಾಡಿ 1876ರಲ್ಲಿ ಸಭಾ ನಿಯಮಗಳ ಪುಸ್ತಕ ಪ್ರಕಟಿಸಿದರು. ಇಂದಿಗೂ ಅಮೆರಿಕದ ಅಸಂಖ್ಯ ಸಂಘಗಳು ಅದನ್ನು ಅನುಸರಿಸುತ್ತವೆ. ಇಪ್ಪತ್ತು ಜನರ ಕಲಾಬಳಗಕ್ಕೆ ಅಷ್ಟೊಂದು ನಿಯಮ ಬೇಕಿಲ್ಲ. ಒಂದು ಸಲಕ್ಕೆ ಒಂದೇ ವಿಷಯ, ಮಾತಾಡದವರಿಗೆ ಮೊದಲ ಅವಕಾಶ, ಚರ್ಚೆಯ ಕೊನೆಗೆ ಸ್ಪಷ್ಟ ತೀರ್ಮಾನ, ಇಷ್ಟಿದ್ದರೆ ನಡೆಯುತ್ತದೆ.

ಕಾರ್ಯಸೂಚಿಯನ್ನು ಮೂರು ದಿನ ಮೊದಲೇ ಕಳಿಸಿ. ಅದರಲ್ಲಿ ‘ವಾರ್ಷಿಕೋತ್ಸವ’ ಎಂದಷ್ಟೇ ಬರೆಯುವ ಬದಲು ‘ವಾರ್ಷಿಕೋತ್ಸವ ಒಂದು ದಿನವೋ ಎರಡು ದಿನವೋ ತೀರ್ಮಾನಿಸುವುದು’ ಎಂದು ಬರೆಯಿರಿ. ಜನ ಯೋಚಿಸಿಕೊಂಡು ಬರುತ್ತಾರೆ. ನಡಾವಳಿಯಲ್ಲಿ ಯಾರು ಏನು ವಾದಿಸಿದರು ಎನ್ನುವ ಪುರಾಣ ಬೇಡ. ತೀರ್ಮಾನ ಏನು, ಯಾರು ಮಾಡಬೇಕು, ಯಾವಾಗಿನೊಳಗೆ, ಇವು ಇದ್ದರಾಯಿತು. ಎರಡು ದಿನದೊಳಗೆ ಎಲ್ಲರಿಗೂ ಕಳಿಸಿ.

ಹಣ: ನಂಬಿಕೆ ಇದ್ದಷ್ಟೂ ದಾಖಲೆ ಇರಲಿ

ಕಲಾಸಂಘಗಳು ಒಡೆಯುವುದಕ್ಕೆ ಹಣದ ಲೆಕ್ಕ ದೊಡ್ಡ ಕಾರಣ. ವಿಚಿತ್ರವೆಂದರೆ ಅದರಲ್ಲಿ ಕಳ್ಳತನವೇ ಆಗಬೇಕೆಂದಿಲ್ಲ. ಪ್ರಾಮಾಣಿಕ ಖಜಾಂಚಿಯೊಬ್ಬರು ತಮ್ಮ ಕೈಯಿಂದ ಖರ್ಚು ಹಾಕುತ್ತಾರೆ, ಬಿಲ್ ಇಟ್ಟುಕೊಳ್ಳುವುದಿಲ್ಲ, ವರ್ಷದ ಕೊನೆಗೆ ಲೆಕ್ಕ ಕೂಡುವುದಿಲ್ಲ, ಯಾರೋ ಒಂದು ಪ್ರಶ್ನೆ ಕೇಳುತ್ತಾರೆ. ಅಷ್ಟಕ್ಕೇ ವರ್ಷಗಟ್ಟಲೆ ದುಡಿದ ಜೀವ ಅವಮಾನದಿಂದ ಮನೆ ಸೇರುತ್ತದೆ. ದಾಖಲೆ ಬೇಕಾಗಿರುವುದು ಮೊದಲು ಅಂಥವರ ಮಾನ ಕಾಯುವುದಕ್ಕೆ.

ಹಾಗಾಗಿ ಈ ಕೆಲವನ್ನು ಕಟ್ಟುನಿಟ್ಟಾಗಿ ಪಾಲಿಸಿ. ಸಂಘದ ಹಣ ಸಂಘದ ಹೆಸರಿನ ಖಾತೆಯಲ್ಲೇ ಇರಲಿ, ಯಾರ ಸ್ವಂತ ಖಾತೆಗೂ, ಒಂದು ದಿನದ ಮಟ್ಟಿಗೂ ಹೋಗದಿರಲಿ. ಚೆಕ್‌ಗೆ ಇಬ್ಬರ ಸಹಿ ಬೇಕು, ಆ ಇಬ್ಬರು ಒಂದೇ ಮನೆಯವರಾಗಿರಬಾರದು. ನಗದನ್ನು ಯಾವಾಗಲೂ ಇಬ್ಬರು ಎಣಿಸಬೇಕು. ಬಿಲ್ಲಿಲ್ಲದ ಖರ್ಚಿಗೆ ವೋಚರ್ ಬರೆಸಿ ಸಹಿ ಪಡೆಯಿರಿ. ಪ್ರತಿ ಸಮಿತಿ ಸಭೆಯಲ್ಲೂ ಖಜಾಂಚಿ ಐದು ನಿಮಿಷದಲ್ಲಿ ಕೈಯಲ್ಲೆಷ್ಟಿದೆ, ಬರಬೇಕಾದದ್ದೆಷ್ಟು, ಕೊಡಬೇಕಾದದ್ದೆಷ್ಟು ಎಂದು ಓದಿ ಹೇಳಲಿ. ಸಂಘದ ಪೋಸ್ಟರ್ ಮುದ್ರಿಸುವುದು ನಿಮ್ಮ ತಮ್ಮನ ಮುದ್ರಣಾಲಯವಾದರೆ, ಆ ವಿಷಯ ಚರ್ಚೆಗೆ ಬಂದಾಗ ಸಂಬಂಧವನ್ನು ನೀವೇ ಬಾಯಿಬಿಟ್ಟು ಹೇಳಿ, ತೀರ್ಮಾನದಿಂದ ಹೊರಗುಳಿದು, ಹಾಗೆ ಉಳಿದದ್ದನ್ನು ನಡಾವಳಿಯಲ್ಲಿ ಬರೆಸಿ.

ಅನುಮತಿ ಮತ್ತು ಸುರಕ್ಷತೆ

‘ನಾವು ದುಡ್ಡಿಗಾಗಿ ಮಾಡ್ತಿಲ್ಲ, ಹಕ್ಕಿನ ಅನುಮತಿ ಯಾಕೆ?’ ಎನ್ನುವವರು ಎಲ್ಲೆಡೆ ಇದ್ದಾರೆ. ಕೃತಿಸ್ವಾಮ್ಯ ಕುರಿತ 1886ರ ಅಂತರರಾಷ್ಟ್ರೀಯ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಸಾಹಿತ್ಯ ಮತ್ತು ಸಂಗೀತ ಕೃತಿಗಳ ಹಕ್ಕು ಸಾಮಾನ್ಯವಾಗಿ ಲೇಖಕರು ತೀರಿಕೊಂಡ ಮೇಲೂ ಕನಿಷ್ಠ 50 ವರ್ಷ ಉಳಿಯುತ್ತದೆ. ಭಾರತದಲ್ಲಿ ಇದು 60 ವರ್ಷ, ಐರೋಪ್ಯ ಒಕ್ಕೂಟದಲ್ಲಿ 70. ಅನುವಾದವಾದರೆ ಅನುವಾದಕರ ಹಕ್ಕು ಬೇರೆ. ಹವ್ಯಾಸಿ ತಂಡಗಳಿಗೆ ಎಲ್ಲಿ ಎಷ್ಟು ವಿನಾಯಿತಿ ಎಂಬುದು ಆಯಾ ದೇಶದ ಕಾನೂನಿನ ಮೇಲೆ ನಿಂತಿದೆ. ತಾಲೀಮು ಶುರುವಾಗುವ ಮೊದಲೇ ಪತ್ರ ಬರೆದು ಅನುಮತಿ ಕೇಳಿ, ಉತ್ತರವನ್ನು ಕಡತದಲ್ಲಿಡಿ. ಬರೆದವರು ಕಲಾವಿದರೇ ತಾನೆ? ಅವರ ಹಕ್ಕನ್ನು ಕಲಾಸಂಘವೇ ಗೌರವಿಸದಿದ್ದರೆ ಇನ್ಯಾರು ಗೌರವಿಸಬೇಕು?

ಸುರಕ್ಷತೆಯ ವಿಷಯದಲ್ಲಿ ಒಂದಿಷ್ಟೂ ರಿಯಾಯಿತಿ ಬೇಡ. 1903ರ ಡಿಸೆಂಬರ್ 30ರಂದು ಷಿಕಾಗೋದ ಇರೊಕ್ವಾ ರಂಗಮಂದಿರಕ್ಕೆ ಬೆಂಕಿ ಬಿದ್ದು 600ಕ್ಕೂ ಹೆಚ್ಚು ಜನ ಸತ್ತರು. ಹೊರಹೋಗುವ ಬಾಗಿಲುಗಳಲ್ಲಿ ಕೆಲವು ಬೀಗ ಹಾಕಿದ್ದವು, ಕೆಲವನ್ನು ತೆರೆಯುವ ಬಗೆ ಜನರಿಗೆ ತಿಳಿಯಲಿಲ್ಲ. ಪ್ರದರ್ಶನದ ದಿನ ಪ್ರೇಕ್ಷಕರು ಒಳಬರುವ ಮೊದಲು ನೀವೇ ಹೋಗಿ ಪ್ರತಿ ಬಾಗಿಲನ್ನೂ ತೆರೆದು ನೋಡಿ. ದಾರಿಯಲ್ಲಿ ಹೆಚ್ಚುವರಿ ಕುರ್ಚಿ ಹಾಕಿದ್ದರೆ ತೆಗೆಸಿ, ಎಷ್ಟೇ ದೊಡ್ಡ ಮನುಷ್ಯರು ನಿಂತಿದ್ದರೂ ಸರಿ. ಮಕ್ಕಳಿರುವ ತಂಡವಾದರೆ ತಾಲೀಮಿನಲ್ಲೂ ಪ್ರಸಾಧನ ಕೊಠಡಿಯಲ್ಲೂ ಯಾವಾಗಲೂ ಇಬ್ಬರು ದೊಡ್ಡವರಿರಬೇಕು, ಮಗು ಯಾರೊಂದಿಗೆ ಮನೆಗೆ ಹೋಗುತ್ತದೆ ಎಂದು ಪೋಷಕರಿಂದ ಬರೆಸಿಕೊಂಡಿರಬೇಕು.

ಜಗಳ ಬರುವ ಮೊದಲೇ ಗಡಿ ಗುರುತಿಸಿ

ಪಾತ್ರ ಹಂಚಿಕೆಯ ದಿನ ಕಲಾಸಂಘದಲ್ಲಿ ಬಿಸಿ ಏರುತ್ತದೆ. ವರ್ಷಗಟ್ಟಲೆ ಕಸ ಗುಡಿಸಿದವರಿಗೆ ಸಣ್ಣ ಪಾತ್ರ, ನಿನ್ನೆ ಬಂದವರಿಗೆ ನಾಯಕಿಯ ಪಾತ್ರ ಹೋದಾಗ ನೋವಾಗುವುದು ನ್ಯಾಯವೇ. ಇದಕ್ಕೆ ಪೂರ್ತಿ ಮದ್ದಿಲ್ಲ. ಆದರೆ ಯಾವುದು ಯಾರ ತೀರ್ಮಾನ ಎಂದು ಮೊದಲೇ ಬರೆದಿಟ್ಟರೆ ನೋವು ಜಗಳವಾಗುವುದಿಲ್ಲ. ಕೃತಿ ಆಯ್ಕೆ ಮತ್ತು ಖರ್ಚಿನ ಮಿತಿ ಸಮಿತಿಯದು. ಪಾತ್ರ ಹಂಚಿಕೆ, ತಾಲೀಮಿನ ಶಿಸ್ತು, ರಂಗದ ಮೇಲಿನ ಎಲ್ಲವೂ ನಿರ್ದೇಶಕರದು. ಅಧ್ಯಕ್ಷರಾಗಿ ನೀವು ಒಬ್ಬ ನಟನ ಪರ ನಿರ್ದೇಶಕರಿಗೆ ಒಮ್ಮೆ ಶಿಫಾರಸು ಮಾಡಿದರೂ ಆ ಗಡಿ ಅಳಿಸಿಹೋಯಿತೆಂದೇ ತಿಳಿಯಿರಿ. ಆಯ್ಕೆಯಾಗದವರಿಗೆ ಪಟ್ಟಿ ಪ್ರಕಟಿಸುವ ಮೊದಲು ನಿರ್ದೇಶಕರೇ ಖುದ್ದಾಗಿ ತಿಳಿಸುವ ಪದ್ಧತಿ ಇರಲಿ.

ಇನ್ನು ಕೃತಜ್ಞತೆ. ವೇದಿಕೆಯಲ್ಲಿ ‘ಸಹಕರಿಸಿದ ಎಲ್ಲರಿಗೂ’ ಎಂದರೆ ಯಾರಿಗೂ ಹೇಳಿದಂತಾಗುವುದಿಲ್ಲ. ಹೆಸರು ಹಿಡಿದು, ಮಾಡಿದ ಕೆಲಸ ಹೇಳಿ ನೆನೆಯಿರಿ. ಕರಪತ್ರದಲ್ಲಿ ಪರದೆ ಎಳೆದವರ ಹೆಸರೂ ಬರಲಿ, ಕಾಗುಣಿತ ತಪ್ಪದಿರಲಿ.

ಹೊಣೆ ಹಸ್ತಾಂತರ

ಅವಧಿ ಮುಗಿಯುವ ಒಂದು ವರ್ಷ ಮೊದಲು ‘ಮುಂದಿನ ಸಲ ನಾನಿರುವುದಿಲ್ಲ’ ಎಂದು ಸಭೆಯಲ್ಲೇ ಹೇಳಿ. ‘ನಿಮ್ಮ ಬಿಟ್ಟರೆ ಯಾರೂ ಇಲ್ಲ’ ಎಂಬ ಮಾತು ಬಂದೇ ಬರುತ್ತದೆ, ಪ್ರೀತಿಯಿಂದಲೇ ಹೇಳುತ್ತಾರೆ. ಅದಕ್ಕೆ ಕರಗಿ ಮತ್ತೆರಡು ಅವಧಿ ಉಳಿದರೆ ಆ ಮಾತು ನಿಜವಾಗುತ್ತದೆ. ಉಪಾಧ್ಯಕ್ಷರಿಗೆ ಅಥವಾ ಜಂಟಿ ಕಾರ್ಯದರ್ಶಿಗೆ ಒಂದು ಇಡೀ ಕಾರ್ಯಕ್ರಮವನ್ನು ಒಪ್ಪಿಸಿ ನೀವು ಹಿಂದೆ ಸರಿಯಿರಿ. ಅವರು ನಿಮ್ಮ ಹಾಗೆ ಮಾಡುವುದಿಲ್ಲ, ಕೆಲವು ಕಡೆ ಎಡವುತ್ತಾರೆ. ಪ್ರೇಕ್ಷಕರಿಗೆ ಅಪಾಯವಿಲ್ಲದಿದ್ದರೆ ನಡುವೆ ಬಾಯಿ ಹಾಕಬೇಡಿ.

ಹೊಸ ಸಮಿತಿ ಬಂದ ವಾರದಲ್ಲೇ ಬ್ಯಾಂಕಿನ ಸಹಿ ಬದಲಾಯಿಸಿ, ಪಾಸ್‌ವರ್ಡ್‌ಗಳನ್ನು ಒಪ್ಪಿಸಿ, ಕೀಲಿಗಳನ್ನು ಪಟ್ಟಿ ಮಾಡಿ ಕೊಟ್ಟು ಸಹಿ ಪಡೆಯಿರಿ. ಕೆಲಸದ ಚೀಟಿಗಳ ಕಡತ, ಅನುಮತಿ ಪತ್ರಗಳು, ಸಭಾಂಗಣ ಕೊಡುವವರ ಮತ್ತು ದಾನಿಗಳ ವಿವರ ಒಂದೇ ಪೆಟ್ಟಿಗೆಯಲ್ಲಿ ಹೋಗಲಿ. ದಾನಿಗಳ ಬಳಿಗೆ ಹೊಸ ಅಧ್ಯಕ್ಷರನ್ನು ಖುದ್ದು ಕರೆದೊಯ್ದು ಪರಿಚಯಿಸಿ, ಏಕೆಂದರೆ ದೇಣಿಗೆ ಎಷ್ಟೋ ಸಲ ನಿಮ್ಮ ಮುಖ ನೋಡಿ ಬಂದಿರುತ್ತದೆ. ಮುಂದಿನ ಆರು ತಿಂಗಳು ಸಮಿತಿ ಸಭೆಗೆ ಹೋಗಬೇಡಿ, ಕರೆದು ಕೇಳಿದರೆ ಮಾತ್ರ ಸಲಹೆ ಕೊಡಿ. ತಾಲೀಮಿಗೆ ಮಾತ್ರ ತಪ್ಪದೆ ಹೋಗಿ. ಸಮಿತಿ ಸಭೆಗಳ ಗಡಿಬಿಡಿಯಲ್ಲಿ ತಪ್ಪಿಹೋಗಿದ್ದ ಪಾತ್ರವೊಂದು ಅಲ್ಲಿ ನಿಮಗೆ ಸಿಕ್ಕೀತು.